ತಾಲೀಮು ಮಾತ್ರ ನೋಡಿದವರು

1979ರ ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಔರಂಗಾಬಾದಿನ ಬಸ್ ನಿಲ್ದಾಣದ ಎದುರಿದ್ದ ಶಾಕಾಹಾರಿ ಹೋಟೆಲಿನ ಹಿರಿಯ ಸಪ್ಲೈಯರ್ ಒಬ್ಬರು ಕೆಲಸ ಬಿಟ್ಟು, ಹೆಂಡತಿ ಮತ್ತು ಮಗಳೊಂದಿಗೆ ಕುಂದಾಪುರದ ಕಡೆಯ ತಮ್ಮ ಊರಿಗೆ ಹೊರಟರು. ಬೀಳ್ಕೊಡಲು ಹದಿನಾಲ್ಕು ಮಂದಿ ಬಂದಿದ್ದರು. ಅವರಲ್ಲಿ ಹನ್ನೆರಡು ಮಂದಿ ಕಬಡ್ಡಿ ಆಟಗಾರರು. ಏಳು ಮಂದಿ ಇದೇ ಊರಿನವರು, ಐದು ಮಂದಿ ನಾಸಿಕದಿಂದ ಬಸ್ಸು ಹಿಡಿದು ಬಂದವರು. ಹದಿಮೂರನೆಯವರು ಹೋಟೆಲಿನ ಧಣಿ. ಹದಿನಾಲ್ಕನೆಯವನು ನಾನು. ಮರುದಿನದ ಪತ್ರಿಕೆಯಲ್ಲಿ ಈ ಸುದ್ದಿ ಬರಲಿಲ್ಲ. ಬರೆಯಬೇಕಾಗಿದ್ದವನು ನಾನೇ.

ಅವರ ಹೆಸರನ್ನು ಈಗಲೂ ಬರೆಯುವುದಿಲ್ಲ. ಅವರಿಗೆ ಅದು ಇಷ್ಟವಾಗದು. ಮರಾಠಿ ಮಂದಿಗೆ ನಮ್ಮ ಕರಾವಳಿಯ ಹೋಟೆಲಿನವರೆಲ್ಲ ಅಣ್ಣಂದಿರೇ. ನಾಸಿಕದಲ್ಲೂ ಔರಂಗಾಬಾದಿನಲ್ಲೂ ಅವರು ಎಲ್ಲರಿಗೂ ‘ಅಣ್ಣಾ’ ಆಗಿದ್ದರು. ಔರಂಗಾಬಾದಿಗೆ ಈಗ ಛತ್ರಪತಿ ಸಂಭಾಜಿನಗರ ಎಂಬ ಹೆಸರಿದೆ. ಅವರ ಕಾಲದಲ್ಲಿ ಇದ್ದ ಹೆಸರನ್ನೇ ಇಲ್ಲಿ ಬಳಸಿದ್ದೇನೆ.

ಅವರನ್ನು ನಾನು ಮೊದಲು ಕಂಡದ್ದು 1964ರಲ್ಲಿ, ನಾಸಿಕದಲ್ಲಿ. ಭಾಲ್ಕಿಯಿಂದ ಬಂದು ಅಲ್ಲಿನ ಮರಾಠಿ ದಿನಪತ್ರಿಕೆಯೊಂದರಲ್ಲಿ ಕಿರಿಯ ಉಪಸಂಪಾದಕನಾಗಿ ಸೇರಿದ್ದೆ. ನನ್ನ ಬಾಡಿಗೆ ಕೋಣೆಯ ಎದುರಿಗೆ ಒಂದು ವ್ಯಾಯಾಮಶಾಲೆ, ಅದಕ್ಕೆ ಅಂಟಿಕೊಂಡಂತೆ ಹೋಟೆಲು. ನಡುವೆ ಎದೆಮಟ್ಟದ ಗೋಡೆ. ವ್ಯಾಯಾಮಶಾಲೆಯ ಕಬಡ್ಡಿ ತಂಡದವರು ಬೆಳಿಗ್ಗೆ ಐದೂವರೆಗೆ ತಾಲೀಮಿಗೆ ಇಳಿಯುತ್ತಿದ್ದರು. ಹೋಟೆಲಿನ ಬಾಗಿಲು ತೆರೆಯುವುದು ಆರೂವರೆಗೆ. ಆ ಒಂದು ಗಂಟೆ ಹೋಟೆಲಿನ ಸಪ್ಲೈಯರ್ ಆಗಿದ್ದ ಅಣ್ಣ ಗೋಡೆಗೆ ಎದೆಕೊಟ್ಟು ನಿಂತಿರುತ್ತಿದ್ದರು. ಹೆಗಲ ಮೇಲೆ ಬಿಳಿ ಬೈರಾಸು (ಟವಲಿಗೆ ಅವರ ಕಡೆ ಹೀಗೆನ್ನುತ್ತಾರೆ), ಗೋಡೆಯ ಮೇಲೆ ಕಾಫಿಯ ಲೋಟ. ಆ ಕಾಫಿಯನ್ನು ಅವರು ಕುಡಿದದ್ದನ್ನು ನಾನು ನೋಡಿಲ್ಲ. ಅದು ಆರಿ, ಕೆನೆಕಟ್ಟಿ, ಹಾಗೆಯೇ ಒಳಕ್ಕೆ ಹೋಗುತ್ತಿತ್ತು.

ಮಳೆಗಾಲ ಮುಗಿಯುತ್ತಿದ್ದ ದಿನಗಳು. ಪಂದ್ಯಗಳು ದಸರೆಯ ನಂತರ. ತಂಡದವರು ಆಗಿನ್ನೂ ಆಟಕ್ಕೆ ಕೈ ಹಚ್ಚಿರಲಿಲ್ಲ. ಅಂಗಳ ಅಗೆದು, ಮಣ್ಣನ್ನು ಜರಡಿ ಹಿಡಿದು ಕಲ್ಲು ಆರಿಸುತ್ತಿದ್ದರು. ಬಸ್ಕಿ ಹೊಡೆಯುತ್ತಿದ್ದರು. ಗೋಡೆಯ ಉದ್ದಕ್ಕೂ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಹೋಗಿ ಬರುತ್ತಿದ್ದರು. ಹದಿನೈದು ದಿನ ಇಷ್ಟೇ. ನೋಡಲು ಏನಿದೆ ಎಂದು ನನಗೆ ತಿಳಿಯಲಿಲ್ಲ.

‘ಏನ್ರೀ ಅಣ್ಣಾ, ದಿನಾ ಏನ್ ನೋಡ್ತೀರಿ ಅಲ್ಲಿ? ಅವರು ಇನ್ನಾ ಆಟಾನೇ ಸುರು ಮಾಡಿಲ್ಲ’ ಎಂದೆ.

ಅವರು ತಿರುಗಿ ನೋಡಿದರು. ‘ಓ, ನೀವು ಕನ್ನಡದವರಾ? ಎಂತ ಕನ್ನಡ ಮಾರಾಯ್ರೆ ನಿಮ್ಮದು, ಜಗಳಕ್ಕೆ ಬಂದ ಹಾಗೆ ಉಂಟು.’

‘ನಿಮ್ದೇನು ಕಮ್ಮಿ ಅದ ಏನ್ರೀ? ತೊಟ್ಟಿಲ ತೂಗಿದಂಗ ಮಾತಾಡ್ತೀರಿ.’

ನಕ್ಕರು. ಆಮೇಲೆ, ಕಣ್ಣನ್ನು ಅಂಗಳದ ಮೇಲೆಯೇ ಇಟ್ಟುಕೊಂಡು ಹೇಳಿದರು: ‘ಪಂದ್ಯದ ದಿನ ಎಲ್ಲರೂ ಮದುವೆ ಊಟಕ್ಕೆ ಕೂತವರ ಹಾಗೆ. ನಾಲ್ಕು ಜನ ನೋಡ್ತಾರೆ ಅಂತ ಸರಿಯಾಗಿ ಉಣ್ತಾರೆ. ಮನುಷ್ಯ ಹೇಗೆ ಉಣ್ತಾನೆ ಅಂತ ಗೊತ್ತಾಗುದು ಮನೆಯಲ್ಲಿ. ಇದು ಅವರ ಮನೆ ಊಟ.’

ಅವರಿಗೆ ಉಣ್ಣುವವರನ್ನು ನೋಡುವುದೇ ಕಸುಬು. ಹನ್ನೆರಡು ಮೇಜಿನ ಬೇಡಿಕೆಗಳನ್ನು ಬರೆದುಕೊಳ್ಳದೆ ನೆನಪಿಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಕೂಗುತ್ತಿದ್ದರು. ವರ್ಷದ ಹಿಂದೆ ಒಮ್ಮೆ ಬಂದುಹೋದ ಗಿರಾಕಿ ಚಟ್ನಿ ಬಿಟ್ಟಿದ್ದನೇ, ಸಾಂಬಾರು ಎರಡನೆಯ ಸಲ ಕೇಳಿದ್ದನೇ ಎಂಬುದು ಅವರ ನೆನಪಿನಲ್ಲಿತ್ತು. ಹೆಸರು ಮಾತ್ರ ನೆನಪಿರುತ್ತಿರಲಿಲ್ಲ. ನಮ್ಮ ಸಂಪಾದಕರು ಅವರ ಲೆಕ್ಕದಲ್ಲಿ ‘ವಡೆ ಮುರಿದು ನೋಡುವವರು’. ನಾನು ‘ನೀರು ಮೊದಲು ಕುಡಿಯುವವರು’.

ಆ ವರ್ಷ ತಂಡದ ಆಯ್ಕೆಯ ಹಿಂದಿನ ದಿನ, ತಮಾಷೆಗೆ, ಯಾವ ಏಳು ಮಂದಿ ಆಡುತ್ತಾರೆ ಎಂದು ಕೇಳಿದೆ. ಹೇಳಿದರು. ಆರು ಸರಿಯಾಗಿತ್ತು. ಏಳನೆಯವನನ್ನು ವಸ್ತಾದರು ಎರಡನೆಯ ಪಂದ್ಯದಲ್ಲಿ ತೆಗೆದು, ಅಣ್ಣ ಹೇಳಿದವನನ್ನೇ ಹಾಕಿದರು. ವಸ್ತಾದ್ ಎಂದರೆ ತಾಲೀಮು ಕೊಡುವ ಗುರು. ಇವರು ಗಿಡ್ಡ, ಗಟ್ಟಿ ಆಳು. ಸಿಟ್ಟು ಬೇಗ ಬರುತ್ತಿತ್ತು.

ಒಂದು ವಿಚಿತ್ರ ದಾಖಲಿಸಬೇಕು. ಅಣ್ಣ ಒಂದೇ ಒಂದು ಪಂದ್ಯವನ್ನೂ ನೋಡಿದವರಲ್ಲ. ಪಂದ್ಯಗಳು ಸಂಜೆ, ಹೆಚ್ಚಾಗಿ ರವಿವಾರ. ಆ ಹೊತ್ತಿನಲ್ಲಿ ಹೋಟೆಲಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಪಂದ್ಯ ಮುಗಿಸಿ ಬಂದವರು ಫಲಿತಾಂಶ ಹೇಳಲು ಬಾಯಿ ತೆರೆದರೆ ಅವರು ಕೈ ಎತ್ತುತ್ತಿದ್ದರು. ‘ಕೂತ್ಕೊಳ್ಳಿ ಮೊದಲು.’ ತಟ್ಟೆ ಇಟ್ಟು, ಎರಡು ತುತ್ತು ನೋಡಿ, ಸೋತಿರೋ ಗೆದ್ದಿರೋ ತಾವೇ ಹೇಳುತ್ತಿದ್ದರು.

ಆ ಮೊದಲ ವರ್ಷವೇ ಅವರಿಂದ ಒಂದು ತಪ್ಪಾಯಿತು. ತಂಡದಲ್ಲಿ ಬೀಡಿ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ ತರುಣನೊಬ್ಬ ಚೆನ್ನಾಗಿ ದಾಳಿ ಮಾಡುತ್ತಿದ್ದ. ಬಲ ಮೂಲೆಯವನ ಮೇಲೆ ಹೋಗುವ ಮುನ್ನ ಅವನು ಅಂಗೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತಾನೆ ಎಂಬುದನ್ನು ಇವರು ಕಂಡುಹಿಡಿದು, ಒಳ್ಳೆಯದಾಗಲಿ ಎಂದು ವಸ್ತಾದರಿಗೆ ಹೇಳಿದರು. ಎರಡು ದಿನ ಬಿಟ್ಟು ಪಕ್ಕದ ಪೇಟೆಯ ತಂಡ ಅಭ್ಯಾಸದ ಆಟಕ್ಕೆ ಬಂದಿತ್ತು. ತರುಣ ಮತ್ತೆ ಕೈ ಒರೆಸಿದ. ವಸ್ತಾದರು ಸಿಟ್ಟಿನಲ್ಲಿ ಅದನ್ನು ಎಲ್ಲರೆದುರು ಕೂಗಿ ಹೇಳಿದರು. ಆ ವರ್ಷ ಎದುರಾದ ತಂಡಗಳೆಲ್ಲ ಅವನನ್ನು ಹಿಡಿದವು. ಮುಂದಿನ ವರ್ಷ ಅವನು ತಾಲೀಮಿಗೆ ಬರಲಿಲ್ಲ. ಹೋಟೆಲಿಗೂ ಬರಲಿಲ್ಲ.

‘ಆ ಹುಡುಗನ ತಟ್ಟೆ ನಾನು ತೆಗೆದೆ’ ಎಂದು ಅವರು ನನಗೆ ಹೇಳಿದರು. ಬೇರೆ ವಿವರಣೆ ಕೊಡಲಿಲ್ಲ. ಅಂದಿನಿಂದ ಯಾರ ದೋಷವನ್ನೂ ಅವನ ಹೊರತು ಮತ್ತೊಬ್ಬರಿಗೆ ಹೇಳಲಿಲ್ಲ.

ಭಿಕಾ ಬಂದದ್ದು 1965ರಲ್ಲಿ. ಗಾಡಿಯಿಂದ ದ್ರಾಕ್ಷಿ ಇಳಿಸುವ ಕೆಲಸ, ಹತ್ತೊಂಬತ್ತು ವರ್ಷ, ಉದ್ದನೆಯ ಕತ್ತು. ಮೂರು ವಾರ ಅವನ ತಾಲೀಮು ನೋಡಿದ ಮೇಲೆ ಅಣ್ಣ ಒಂದು ಬೆಳಿಗ್ಗೆ ಅವನನ್ನು ಗೋಡೆಯ ಬಳಿ ಕರೆದು ಕಿವಿಯಲ್ಲಿ ಏನೋ ಹೇಳಿದರು. ಭಿಕಾ ಮೊದಲು ನಕ್ಕ. ಆಮೇಲೆ ಕುತ್ತಿಗೆ ಮುಟ್ಟಿಕೊಂಡ. ನಂತರ ಕೈಮುಗಿದು ಮರಾಠಿಯಲ್ಲಿ, ‘ಅಣ್ಣಾ, ಇದನ್ನ ಯಾರಿಗೂ ಹೇಳಬೇಡಿ’ ಎಂದ. ನಾನು ನಾಲ್ಕು ಮಾರು ದೂರದಲ್ಲಿದ್ದೆ. ಆ ವರ್ಷದ ಕೊನೆಗೆ ಭಿಕಾ ಜಿಲ್ಲೆಯ ಅತ್ಯುತ್ತಮ ದಾಳಿಗಾರ ಎನಿಸಿಕೊಂಡ.

1969ರಲ್ಲಿ ಹೋಟೆಲಿನ ಧಣಿ ಔರಂಗಾಬಾದಿನಲ್ಲಿ ಎರಡನೆಯ ಹೋಟೆಲು ತೆರೆದರು. ಅಣ್ಣನನ್ನು ಅಲ್ಲಿಗೆ ಕಳಿಸಿದರು. ಒಂದು ಮಾತೂ ಕೊಟ್ಟರು: ವ್ಯಾಪಾರ ಕುದುರಿದ ಮೇಲೆ ಗಲ್ಲಾದ ಕುರ್ಚಿ ಅವರದು, ಹಿತ್ತಲಿನ ನಲ್ಲಿಯಿದ್ದ ಕೋಣೆಯೂ ಅವರದು. ಗಲ್ಲಾದ ಬಗ್ಗೆ ಅವರಿಗೆ ಆಸೆಯಿರಲಿಲ್ಲ. ಆಸೆಯಿದ್ದದ್ದು ಕೋಣೆಯ ಮೇಲೆ. ಹೆಂಡತಿ, ಏಳು ವರ್ಷದ ಮಗಳು ಊರಿನಲ್ಲಿದ್ದರು. ವರ್ಷಕ್ಕೆ ಇಪ್ಪತ್ತು ದಿನ ರಜೆ. ಮಗಳು ತಮ್ಮನ್ನು ನೋಡಿ ಅಜ್ಜಿಯ ಹಿಂದೆ ಅಡಗಿಕೊಂಡದ್ದನ್ನು ಅವರು ನನಗೆ ಎರಡು ಸಲ ಹೇಳಿದ್ದಾರೆ. ಎರಡು ಸಲವೂ ನಗುತ್ತ.

ಮರುವರ್ಷ ನನ್ನನ್ನೂ ಪತ್ರಿಕೆ ಔರಂಗಾಬಾದಿಗೆ ವರದಿಗಾರನಾಗಿ ಕಳಿಸಿತು. ಬಸ್ಸಿಳಿದು ಹೋಟೆಲಿಗೆ ಹೋದೆ. ಅವರು ನೀರಿನ ಲೋಟವನ್ನು ಮೊದಲು ಇಟ್ಟರು. ‘ಇಲ್ಲಿ ಕನ್ನಡ ಅಂತ ಒಂದು ಊರೇ ಉಂಟು ಮಾರಾಯ್ರೆ, ಬಸ್ಸಿಗೆ ಬೋರ್ಡು ಹಾಕ್ತಾರೆ. ಹೋಗಿ ನೋಡಿದೆ. ಒಬ್ಬನಿಗೂ ಕನ್ನಡ ಬರುದಿಲ್ಲ!’

ಇಲ್ಲಿಯೂ ಅವರು ಒಂದು ಗೋಡೆ ಹುಡುಕಿಕೊಂಡಿದ್ದರು. ಹೋಟೆಲಿನ ಹಿಂದಿನ ಮೈದಾನದಲ್ಲಿ ಊರಿನ ತಂಡವೊಂದು ತಾಲೀಮು ಮಾಡುತ್ತಿತ್ತು. ತಂಡದ ನಾಯಕ ರಜಾಕ್, ಸೈಕಲ್ ದುರಸ್ತಿ ಮಾಡುವವನು. ಉಳಿದವರಲ್ಲಿ ಒಬ್ಬ ಗಂಗಾಪುರದಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದ. ಎರಡನೆಯ ಸುತ್ತು ದಾಟಿದ ದಾಖಲೆ ಈ ತಂಡಕ್ಕೆ ಇರಲಿಲ್ಲ. ಆ ವರ್ಷ ತಂಡಕ್ಕೆ ಹೊಸ ಅಧ್ಯಕ್ಷರು ಬಂದಿದ್ದರು. ನಮ್ಮ ಹೋಟೆಲಿನ ಧಣಿ. ಹೊಸ ಊರಿನಲ್ಲಿ ಹೆಸರು ಮಾಡಬೇಕೆಂಬ ಹಂಬಲ ಅವರಿಗಿತ್ತು. ಜನವರಿಯ ಪಂದ್ಯಾವಳಿ ಈ ಊರಿನಲ್ಲೇ ನಡೆಯುವುದಿತ್ತು. ನಾಸಿಕದ ತಂಡವೂ ಬರುತ್ತಿತ್ತು, ಭಿಕಾನ ಜೊತೆ.

1970ರ ಅಕ್ಟೋಬರಿನ ಒಂದು ಬೆಳಿಗ್ಗೆ, ತಾಲೀಮು ಮುಗಿದ ಮೇಲೆ, ಧಣಿ ಆಟಗಾರರನ್ನೆಲ್ಲ ಹೋಟೆಲಿನಲ್ಲಿ ಕೂರಿಸಿ ಇಡ್ಲಿ ಕೊಡಿಸಿದರು. ನಾನೂ ಇದ್ದೆ. ಧಣಿ ಅಣ್ಣನನ್ನು ಕರೆದರು.

‘ಭಿಕಾನದ್ದು ಎಂತದೋ ಒಂದು ಗುಟ್ಟು ನಿನಗೆ ಗೊತ್ತುಂಟಂತೆ. ನಾಸಿಕದವರೇ ಹೇಳ್ತಾರೆ. ಇವರಿಗೆ ಹೇಳು.’

‘ಅದು ಆಗುದಿಲ್ಲ ಧಣಿ.’

‘ಯಾಕೆ ಆಗುದಿಲ್ಲ? ಅನ್ನ ಎಲ್ಲಿ ಉಣ್ಣುದು ನೀನು, ನಾಸಿಕದಲ್ಲಾ, ಇಲ್ಲಿಯಾ?’

ರಜಾಕನಿಗೆ ಕನ್ನಡ ತಿಳಿಯದು, ಆದರೆ ವಿಷಯ ತಿಳಿಯಿತು. ಅವನು ಹಿಂದಿಯಲ್ಲಿ, ‘ಅಣ್ಣಾ, ದಿನಾ ನಮ್ಮನ್ನ ನೋಡ್ತೀರಿ. ನಾವೇನು ನಿಮ್ಮವರಲ್ಲವೇ?’ ಎಂದ. ಧಣಿ ದನಿ ತಗ್ಗಿಸಿ, ದೀಪಾವಳಿಗೆ ಗಲ್ಲಾ ಯಾರಿಗೆ, ಹಿಂದಿನ ಕೋಣೆ ಯಾರಿಗೆ ಎಂದು ತಾವಿನ್ನೂ ತೀರ್ಮಾನಿಸಿಲ್ಲ ಎಂದರು.

ಅಣ್ಣ ಬೈರಾಸನ್ನು ಹೆಗಲಿನಿಂದ ತೆಗೆದು ಮಡಿಸಿದರು. ಅವರು ಹೇಳಿದ್ದನ್ನು ಆ ಹೊತ್ತಿಗೇ ಬರೆದಿಟ್ಟುಕೊಂಡಿದ್ದೇನೆ:

‘ಧಣಿ, ನೀವು ನಾಸಿಕದಲ್ಲಿ ಮೊದಲ ಹೋಟೆಲು ಹಾಕಿದಾಗ ನಮ್ಮ ಅಡುಗೆಯ ಭಟ್ಟರು ಎದುರಿನ ಹೋಟೆಲಿನಿಂದ ಬಂದವರು. ಅಲ್ಲಿಯ ಸಾಂಬಾರು ಪುಡಿಯ ಹದ ಹೇಳಿ ಅಂತ ನೀವು ಕೇಳಿದಿರಿ. ಆ ಅಡುಗೆಮನೆಯದ್ದು ಆ ಅಡುಗೆಮನೆಗೆ, ಇಲ್ಲಿ ಬೇರೆ ಪುಡಿ ಮಾಡಿಕೊಡ್ತೇನೆ ಅಂದರು ಭಟ್ಟರು. ಅಲ್ಲಿ ಬಾಯಿ ಮುಚ್ಚಿದವನು ಇಲ್ಲಿಯೂ ಮುಚ್ಚಿರ್ತಾನೆ ಅಂತ ನೀವು ಅವರನ್ನು ಇಟ್ಟುಕೊಂಡಿರಿ. ಈ ಕತೆ ನನಗೆ ಹೇಳಿದ್ದು ನೀವೇ. ತಾಲೀಮು ಅಂದರೆ ಅಡುಗೆಮನೆ ಧಣಿ. ಪಂದ್ಯ ಹೊರಗೆ ಬಡಿಸಿದ ಎಲೆ. ನಾನು ನೋಡಿದ್ದು ಅವರ ಅಡುಗೆಮನೆ.’

ಅಡುಗೆಮನೆಯಲ್ಲಿ ರುಬ್ಬುತ್ತಿದ್ದ ಸದ್ದು ನಿಂತಿತ್ತು.

ಆಮೇಲೆ ಅವರು ರಜಾಕನ ಕಡೆ ತಿರುಗಿದರು. ತಮ್ಮ ಒಡಕು ಹಿಂದಿಯಲ್ಲಿ, ‘ಅವರದ್ದು ಹೇಳುವುದಿಲ್ಲ. ನಿಮ್ಮದು ಬೇಕಾದರೆ ಹೇಳ್ತೇನೆ. ಒಬ್ಬೊಬ್ಬರೇ ಬರಬೇಕು’ ಎಂದರು.

ಒಬ್ಬೊಬ್ಬರನ್ನೇ ಹಿತ್ತಲಿಗೆ ಕರೆದೊಯ್ದರು. ಮೊದಲು ಹೋದ ರಜಾಕ್ ಹತ್ತು ನಿಮಿಷದ ಮೇಲೆ ಹೊರಗೆ ಬಂದು, ತಲೆ ಅಲ್ಲಾಡಿಸುತ್ತ, ‘ಈ ಮನುಷ್ಯನಿಗೆ ಹೆಂಡತಿಗಿಂತ ಹೆಚ್ಚು ಗೊತ್ತು’ ಎಂದ. ಗಂಗಾಪುರದವನು ಮುಖ ಕೆಂಪು ಮಾಡಿಕೊಂಡು ಬಂದ. ಒಬ್ಬ ಜಗಳಕ್ಕೇ ನಿಂತ. ಮರುದಿನ ಅವನೇ ಎಲ್ಲರಿಗಿಂತ ಮೊದಲು ಮೈದಾನದಲ್ಲಿದ್ದ. ಅದಾದ ಮೇಲೆ ಮೂರು ತಿಂಗಳು ಆ ತಂಡ ಮಾಡಿದ ತಾಲೀಮನ್ನು ನಾನೂ ಗೋಡೆಯ ಬಳಿ ನಿಂತು ನೋಡಿದೆ. ಪ್ರತಿಯೊಬ್ಬನೂ ತನ್ನ ಒಂದು ದೋಷದೊಡನೆ ಗುದ್ದಾಡುತ್ತಿದ್ದ. ಅದು ಯಾವುದೆಂದು ಪಕ್ಕದವನಿಗೆ ಗೊತ್ತಿರಲಿಲ್ಲ. ಅಣ್ಣ ಗೋಡೆಯ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿದರೆ ಯಾರಿಗೆ ಅದು ಎಂದು ಆ ಒಬ್ಬನಿಗೆ ಮಾತ್ರ ತಿಳಿಯುತ್ತಿತ್ತು.

ದೀಪಾವಳಿ ಬಂತು. ಗಲ್ಲಾದ ಕುರ್ಚಿ ಧಣಿಯ ಸೋದರಳಿಯನಿಗೆ ಹೋಯಿತು. ಹಿತ್ತಲಿನ ಕೋಣೆಯಲ್ಲಿ ಅಕ್ಕಿ ಮೂಟೆ ತುಂಬಿದರು. ಅಣ್ಣ ಎಂದಿನಂತೆ ಆರೂವರೆಗೆ ಬಾಗಿಲು ತೆರೆದರು.

ಪಂದ್ಯಾವಳಿಯ ಹಿಂದಿನ ದಿನ ನಾನೂ ಕೇಳಿದೆ. ಕ್ರೀಡಾಪುಟಕ್ಕೆ ಬರೆಯಬೇಕಿತ್ತು. ‘ನನಗರ ಹೇಳ್ರೀ ಅಣ್ಣಾ. ಪಂದ್ಯ ಮುಗಿದ ಮ್ಯಾಲೇ ಬರೀತೀನಿ.’

‘ನೀವು ಪೇಪರಿನವರು. ನಿಮಗೆ ಹೇಳುದೂ ಒಂದೇ, ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಹೇಳುದೂ ಒಂದೇ’ ಎಂದರು. ಎರಡನೆಯ ಲೋಟ ನೀರು ಇಟ್ಟು ಹೋದರು.

ಎರಡನೆಯ ಸುತ್ತು ದಾಟದ ತಂಡ ಅಂತಿಮ ಪಂದ್ಯಕ್ಕೆ ಬಂತು. ಎದುರಿಗೆ ನಾಸಿಕ. ಕೊನೆಯ ಮೂರು ನಿಮಿಷವಿರುವಾಗ ಅಂಕ ಸಮವಾಗಿತ್ತು. ಭಿಕಾ ಎರಡು ದಾಳಿ ಮಾಡಿದ, ಎರಡೂ ರಜಾಕ್ ನಿಂತಿದ್ದ ಎಡ ಮೂಲೆಗೆ. ಎರಡು ಅಂಕ. ಪಂದ್ಯ ಮುಗಿಯಿತು. ನಾನು ವರದಿಯನ್ನು ತಂತಿಯಲ್ಲಿ ಕಳಿಸಿ ಹೋಟೆಲಿಗೆ ಬಂದಾಗ ರಜಾಕ್ ಮೂಲೆಯ ಮೇಜಿನಲ್ಲಿ ಮುಂಗೈ ಮೇಲೆ ಗಲ್ಲ ಇಟ್ಟು ಕೂತಿದ್ದ. ತಟ್ಟೆ ಮುಟ್ಟಿರಲಿಲ್ಲ.

‘ಎರಡು ಪಾಯಿಂಟ್, ಅಣ್ಣಾ. ಎರಡೇ ಎರಡು!’ ಎಂದ.

‘ಭಿಕಾ ಹಿಡಿದದ್ದು ನಿನ್ನ ಯಾವ ದೋಷವನ್ನೂ ಅಲ್ಲವಲ್ಲ?’

ರಜಾಕ್ ಯೋಚಿಸಿದ. ‘ಅಲ್ಲ.’

‘ಹಾಗಾದರೆ ಉಣ್ಣು.’

ಉಂಡ. ಮರುವರ್ಷ ಪ್ರಶಸ್ತಿ ಔರಂಗಾಬಾದಿಗೆ ಬಂತು. ಭಿಕಾ ಆಗ ಮುಂಗೈ ಮುರಿದುಕೊಂಡು ಮನೆಯಲ್ಲಿದ್ದ. ಗೆದ್ದವರಿಗೆ ಆ ಕೊರತೆ ತಿಳಿದಿತ್ತು. ಅವರೇ ನನಗೆ ಅದನ್ನು ಬರೆಯಲು ಹೇಳಿದರು.

1972ರ ಬೇಸಿಗೆಯಲ್ಲಿ ಒಂದು ಘಟನೆ ನಡೆಯಿತು. ನಾಸಿಕದಿಂದ ಬಂದು ಇಲ್ಲಿಯ ಅಡುಗೆಮನೆಯನ್ನೂ ಮೊದಲಿನಿಂದ ನಡೆಸಿದ್ದ ಅದೇ ಭಟ್ಟರು, ಸೋದರಳಿಯನ ಮಾತಿಗೆ ಬೇಸತ್ತು, ರಸ್ತೆಯ ಆಚೆ ಹೊಸದಾಗಿ ತೆರೆದ ಹೋಟೆಲಿಗೆ ಹೋದರು. ಧಣಿಗೆ ಹದಿನೈದು ದಿನ ನಿದ್ದೆಯಿಲ್ಲ. ದಿನವೂ ಯಾರನ್ನಾದರೂ ಆ ಹೋಟೆಲಿಗೆ ಕಳಿಸಿ ಸಾಂಬಾರು ತರಿಸಿ ರುಚಿ ನೋಡುತ್ತಿದ್ದರು. ಒಮ್ಮೆ ನನ್ನನ್ನೇ ಕಳಿಸಿದರು. ಸಾಂಬಾರು ಚೆನ್ನಾಗಿತ್ತು. ಬೇರೆಯದಾಗಿತ್ತು. ಭಟ್ಟರು ಅಲ್ಲಿಗೆ ಹೊಸ ಪುಡಿ ಮಾಡಿದ್ದರು.

ಹದಿನಾರನೆಯ ದಿನ ಧಣಿ ಹಿತ್ತಲಿನ ಕೋಣೆಯ ಮೂಟೆಗಳನ್ನು ತೆಗೆಸಿ, ಗೋಡೆಗೆ ಸುಣ್ಣ ಹೊಡೆಸಿದರು. ಕೀಲಿಯನ್ನು ಅಣ್ಣನ ಬೈರಾಸಿನ ತುದಿಗೆ ತಾವೇ ಕಟ್ಟಿದರು. ‘ಊರಿಗೆ ಕಾಗದ ಬರಿ’ ಎಂದಷ್ಟೇ ಹೇಳಿದರು. ಜೂನ್‌ನಲ್ಲಿ ಹೆಂಡತಿ, ಮಗಳು ಬಂದರು. ಮಗಳು ಮರಾಠಿ ಶಾಲೆಗೆ ಸೇರಿ, ಎರಡು ವರ್ಷದಲ್ಲಿ ಅಪ್ಪನ ಮರಾಠಿಯನ್ನು ತಿದ್ದತೊಡಗಿದಳು. ಅವಳು ತಿದ್ದುವಾಗ ಅವರು ಸುತ್ತಲಿನವರನ್ನು ಒಮ್ಮೆ ನೋಡುತ್ತಿದ್ದರು, ಎಲ್ಲರಿಗೂ ಕೇಳಿಸಿತೇ ಎಂದು.

ಏಳು ವರ್ಷ ಹೀಗೆ ನಡೆಯಿತು. ಕಾಲಿನ ನರಗಳು ಉಬ್ಬಿ, ಇನ್ನು ನಿಂತು ಮಾಡುವ ಕೆಲಸ ಕೂಡದು ಎಂದು ವೈದ್ಯರು ಹೇಳಿದ್ದರಿಂದ ಅವರು ಊರಿಗೆ ಹೊರಟದ್ದು. ಮಗಳ ಮೆಟ್ರಿಕ್ ಪರೀಕ್ಷೆ ಮುಗಿಯುವವರೆಗೆ ನಿಂತರು.

ಆ ಸೋಮವಾರ ನಿಲ್ದಾಣದಲ್ಲಿ ಸೋಲಾಪುರದ ಬಸ್ಸಿಗೆ ಟ್ರಂಕು ಏರಿಸಿದ್ದು ಭಿಕಾ ಮತ್ತು ರಜಾಕ್. ಭಿಕಾ ಆ ವರ್ಷವೇ ಆಟ ಬಿಟ್ಟಿದ್ದ. ಟ್ರಂಕು ಕಟ್ಟಿ ಕೆಳಗಿಳಿದವನು ಎಲ್ಲರೆದುರು ರಜಾಕನ ಭುಜ ಹಿಡಿದು ಹೇಳಿದ: ‘ಈಗ ಹೇಳಬಹುದು. ಗೆರೆ ದಾಟುವ ಮೊದಲು ನಾನು ಎಂಜಲು ನುಂಗುತ್ತೇನೆ. ಬಲಕ್ಕೆ ಹೋಗುವುದಾದರೆ ಒಂದು ಸಲ, ಎಡಕ್ಕಾದರೆ ಎರಡು ಸಲ. ಅರವತ್ತೈದರಲ್ಲೇ ಅಣ್ಣ ಹೇಳಿದ್ದರು. ಎಷ್ಟು ಮಾಡಿದರೂ ಬಿಡಲಾಗಲಿಲ್ಲ. ಹದಿನಾಲ್ಕು ವರ್ಷ ಹಾಗೆಯೇ ಆಡಿದೆ.’

ರಜಾಕ್ ಅವನ ಕತ್ತನ್ನೇ ನೋಡಿದ. ಅವರಿಬ್ಬರು ಎಷ್ಟು ಸಲ ಎದುರುಬದುರಾಗಿದ್ದರೋ, ಅಷ್ಟನ್ನೂ ಲೆಕ್ಕ ಹಾಕಿದಂತೆ ಕಂಡ. ‘ಅಷ್ಟು ಉದ್ದದ ಕತ್ತು! ನಾನು ಕಾಲು ನೋಡುತ್ತಿದ್ದೆನಲ್ಲ!’ ಎಂದು ಕೂಗಿ, ಕಿಟಕಿಯ ಬಳಿ ಓಡಿದ. ‘ಅಣ್ಣಾ! ಎರಡು ಸಲ?’

ಅಣ್ಣ ಕಿಟಕಿಯಿಂದ ಭಿಕಾನ ಕಡೆ ನೋಡಿದರು. ಭಿಕಾ ತಲೆಯಾಡಿಸಿದ. ಆಮೇಲಷ್ಟೇ ಅವರು ರಜಾಕನಿಗೆ, ‘ಹೌದು, ಎರಡು ಸಲ’ ಎಂದರು. ಧಣಿ ಆ ಕಡೆ ಮುಖ ತಿರುಗಿಸಿ ಕನ್ನಡಕ ಒರೆಸುತ್ತಿದ್ದರು. ಏಳೂಕಾಲಿಗೆ ಬಸ್ಸು ಹೊರಟಿತು.

ಅವರಿಂದ ನನಗೆ ಒಂದು ಕಾರ್ಡು ಬಂದಿದೆ, ಅದೇ ವರ್ಷದ ನವೆಂಬರಿನದು. ಮನೆಯ ಹತ್ತಿರದ ಶಾಲೆಯಲ್ಲಿ ಹುಡುಗಿಯರ ಥ್ರೋಬಾಲ್ ತಂಡ ತಾಲೀಮು ಸುರು ಮಾಡಿದೆ, ದಿನಾ ಬೆಳಿಗ್ಗೆ ಕುರ್ಚಿ ಹಾಕಿಕೊಂಡು ನೋಡುತ್ತೇನೆ, ಕಾಲು ಪರವಾಗಿಲ್ಲ ಎಂದು ಬರೆದಿದ್ದಾರೆ. ಒಬ್ಬಳಲ್ಲಿ ಒಂದು ದೋಷ ಉಂಟು, ಅವಳಿಗೆ ಹೇಳಿದ್ದೇನೆ ಎಂದೂ ಬರೆದಿದ್ದಾರೆ. ಯಾವ ಹುಡುಗಿ, ಏನು ದೋಷ ಎಂದು ಬರೆದಿಲ್ಲ.